ಐದು ನಿಮಿಷ ಸುಮ್ಮನಿರಿ

"ಹಿಂದೆ ಸರೀರಿ!"

ಲಿಫ್ಟಿನ ತೆರೆದ ಬಾಗಿಲಿನಾಚೆ, ಕೆಳಗಿನ ಕತ್ತಲೆಯಿಂದ ಬಂದ ಆ ಕೂಗಿಗೆ ಅವಳು ಥಟ್ಟನೆ ಹಿಂದೆ ಸರಿದಳು.

ಅವಳು ನಾಲ್ಕನೇ ಮಹಡಿಯ ವಾರ್ಡಿನ ಹಿರಿಯ ನರ್ಸ್. ಆ ಆಸ್ಪತ್ರೆಯಲ್ಲಿ ಅವಳ ಮೇಲೆ ದನಿ ಎತ್ತಿದವರು ಯಾರೂ ಇರಲಿಲ್ಲ. ಡಾಕ್ಟರುಗಳೇ ಅವಳ ಮುಂದೆ ಸ್ವಲ್ಪ ನೋಡಿಕೊಂಡು ಮಾತಾಡುತ್ತಿದ್ದರು. ಅಂಥದ್ದರಲ್ಲಿ ಮುಖವೇ ಕಾಣದ ಯಾರೋ ಒಬ್ಬ...!

ತಪ್ಪು ಅವಳದೇ ಆಗಿತ್ತು, ಅದು ಬೇರೆ ಮಾತು. 'ದುರಸ್ತಿ ನಡೆಯುತ್ತಿದೆ' ಎಂಬ ಬೋರ್ಡು ತೂಗುಹಾಕಿದ್ದ ಸರಪಳಿಯನ್ನು ತಾನೇ ಬಿಚ್ಚಿ, ಅಂಚಿಗೆ ಬಂದು, "ಯಾರ್ರೀ ಕೆಳಗಿರೋದು? ಇನ್ನೆಷ್ಟು ಹೊತ್ತು?" ಎಂದು ಬಗ್ಗಿ ಕೂಗಿದ್ದಳು. ಅವಳ ಹಿಂದೆ ಗಾಲಿಕುರ್ಚಿಯಲ್ಲಿ ಒಬ್ಬರು ಅಜ್ಜಿ ಎಕ್ಸ್‌ರೇಗೆ ಹೋಗಲು ಕಾಯುತ್ತ ಕೂತಿದ್ದರು.

ಏಣಿಯ ಸದ್ದಾಯಿತು. ಹಣೆಗೆ ಟಾರ್ಚು ಕಟ್ಟಿಕೊಂಡ, ಕೆನ್ನೆಗೆ ಗ್ರೀಸು ಮೆತ್ತಿಕೊಂಡ ಗಂಡಸೊಬ್ಬ ಮೇಲೆ ಹತ್ತಿ ಬಂದ. ಲಿಫ್ಟ್ ಕಂಪನಿಯ ಮೆಕ್ಯಾನಿಕ್. ಬಂದವನೇ ಮೊದಲು ಸರಪಳಿ ಎಳೆದು ಕಟ್ಟಿದ. ಆಮೇಲೆ ಅವಳ ಕಡೆ ತಿರುಗಿದ.

"ಇದನ್ನ ಅಲಂಕಾರಕ್ಕೆ ಕಟ್ಟಿದೀನಾ? ಇನ್ನೊಂದು ಹೆಜ್ಜೆ ಮುಂದಿಟ್ಟಿದ್ರೆ ಏನಾಗ್ತಿತ್ತು ಗೊತ್ತಾ ನಿಮಗೆ?"

"ನನ್ನ ಪೇಷಂಟು ಆಗ್ಲಿಂದ ಕಾಯ್ತಿದ್ದಾರೆ! ನಿಮಗೆ ಅದು ಗೊತ್ತಾ?"

"ಅದಕ್ಕೇ ಬಿದ್ದು ಸಾಯೋದಾ? ಬಿದ್ದಿದ್ರೆ?"

"ಬಿದ್ದಿದ್ರೆ ಬಿದ್ದಿರ್ತಿದ್ದೆ! ಕೇಳೋಕೆ ಯಾರಿದ್ದಾರೆ?"

ಆಡಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಇಷ್ಟು ವರ್ಷ ಯಾರ ಮುಂದೆಯೂ ಬಾಯಿಂದ ಹೊರಗೆ ಬಾರದ ಮಾತು, ಗುರುತು ಪರಿಚಯವಿಲ್ಲದವನ ಮುಂದೆ ಹೇಗೆ ಜಾರಿತು?

ಅವನ ಸಿಟ್ಟು ಅಲ್ಲೇ ಇಳಿಯಿತು.

"ನಾನು ಕೇಳ್ತಿದೀನಲ್ಲ," ಎಂದ ಮೆಲ್ಲಗೆ.

ಅಜ್ಜಿ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದರು. ಎಕ್ಸ್‌ರೇ ತಡವಾದರೂ ಪರವಾಗಿಲ್ಲ ಅನ್ನುವ ಹಾಗಿತ್ತು ಅವರ ಮುಖ.

ಸ್ವಲ್ಪ ಹೊತ್ತಿಗೆ ಲಿಫ್ಟು ಸರಿಯಾಯಿತು. ಇಳಿಯುವಾಗ ಅಜ್ಜಿ ಅವಳ ಕೈ ತಟ್ಟಿ ಹೇಳಿದರು: "ಒಳ್ಳೇ ಹುಡುಗ ಕಣಮ್ಮ. ಬೈದಿದ್ದು ಆಮೇಲೆ, ಮೊದಲು ಸರಪಳಿ ಕಟ್ಟಿದ."

ಅವಳು ಕೇಳಿಸದವಳಂತೆ ಗೋಡೆ ನೋಡಿದಳು.

*

ಅವಳ ಬಗ್ಗೆ ಸ್ವಲ್ಪ ಹೇಳಬೇಕು. ನರ್ಸಿಂಗ್ ವಿದ್ಯಾರ್ಥಿನಿಯರು ಅವಳಿಗೆ ಇಟ್ಟಿದ್ದ ಹೆಸರು 'ಐದು ನಿಮಿಷದ ಸಿಸ್ಟರ್'. ರಕ್ತದೊತ್ತಡ ನೋಡುವ ಮೊದಲು ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು, ನೋಡುವಾಗ ಅವರೂ ಮಾತಾಡಬಾರದು, ನಾವೂ ಮಾತಾಡಿಸಬಾರದು ಎಂದು ಅವಳು ಹೇಳಿ ಹೇಳಿ ಹುಡುಗಿಯರ ತಲೆ ತಿಂದಿದ್ದಳು. ಯಾರಾದರೂ ಅವಸರ ಮಾಡಿದರೆ ಕಿವಿ ಹಿಂಡದೆ ಬಿಡುತ್ತಿರಲಿಲ್ಲ. ಅವಳು ಅಳೆದದ್ದನ್ನು ಡಾಕ್ಟರು ಮತ್ತೊಮ್ಮೆ ನೋಡುತ್ತಿರಲಿಲ್ಲ.

ಕೆಲಸದಲ್ಲಿ ಇಂಥ ಶಿಸ್ತಿನವಳು ಮನೆಗೆ ಹೋಗಿ ಏನು ಮಾಡುತ್ತಿದ್ದಳು?

ಮನೆ ಅಂದರೆ ಒಂದು ರೂಮು. ಒಂದು ಮಂಚ, ಒಂದು ಕುರ್ಚಿ, ಅದರ ಮೇಲೆ ಮಡಿಸದ ಬಟ್ಟೆ. ಸಿಂಕಿನ ಪಕ್ಕ ನಿಂತುಕೊಂಡೇ ಬ್ರೆಡ್ಡು ತಿನ್ನುತ್ತಿದ್ದಳು. ತಟ್ಟೆ ತೊಳೆಯುವ ಕೆಲಸವಿಲ್ಲವಲ್ಲ! ವಾರಕ್ಕೊಮ್ಮೆ ದೂರದ ಊರಿನಿಂದ ಅಕ್ಕ ಫೋನು ಮಾಡುತ್ತಿದ್ದಳು.

"ಊಟ ಆಯ್ತೇನೇ?"

"ಆಯ್ತಕ್ಕ."

"ಏನು ಮಾಡ್ಕೊಂಡೆ?"

"ಏನೋ ಒಂದು. ಮಕ್ಕಳು ಹೇಗಿದ್ದಾರೆ?"

ಅಲ್ಲಿಂದ ಮಾತು ಅಕ್ಕನ ಮಕ್ಕಳ ಕಡೆ ಹೊರಳುತ್ತಿತ್ತು. ಫೋನು ಇಟ್ಟ ಮೇಲೆ ರೂಮಿನಲ್ಲಿ ಸದ್ದು ಅಂತ ಇರುತ್ತಿದ್ದದ್ದು ಪಕ್ಕದ ಮನೆಯವರ ಟೀವಿಯದು. ಅವರು ನಗುವ ಜಾಗದಲ್ಲಿ ಇವಳೂ ಒಮ್ಮೊಮ್ಮೆ ನಕ್ಕುಬಿಡುತ್ತಿದ್ದಳು. ಯಾಕೆ ನಕ್ಕೆ ಎಂದು ಆಮೇಲೆ ಅವಳಿಗೇ ನಾಚಿಕೆಯಾಗುತ್ತಿತ್ತು.

ಮದುವೆ? ಒಂದೆರಡು ಸಲ ಮಾತು ಬಂದಿತ್ತು, ಹೋಗಿತ್ತು. ಅಮ್ಮನ ಕಾಯಿಲೆ, ಆಮೇಲೆ ಅಪ್ಪನ ಕಾಯಿಲೆ. ಇಬ್ಬರ ಸೇವೆಯೂ ಮುಗಿಯುವ ಹೊತ್ತಿಗೆ ಕೇಳುವವರೂ ಇಲ್ಲವಾಗಿದ್ದರು. ಅವಳೂ ಬೇಸರಪಡುವುದನ್ನು ಬಿಟ್ಟಿದ್ದಳು. ಬಿಟ್ಟಿದ್ದೇನೆ ಅಂದುಕೊಂಡಿದ್ದಳು.

*

ಆ ತಿಂಗಳು ಆಸ್ಪತ್ರೆಯಲ್ಲಿ ನಾಚಿಕೆಯ ಸಂಗತಿಯೊಂದು ನಡೆಯಿತು. ಒಂದೇ ವಾರದಲ್ಲಿ ಇಬ್ಬರು ನರ್ಸುಗಳು ಡ್ಯೂಟಿಯ ಮೇಲೆ ತಲೆಸುತ್ತಿ ಬಿದ್ದರು. ರೋಗಿಗಳೇ ಹಾಸಿಗೆಯಿಂದ ಎದ್ದು ಬಂದು ಅವರಿಗೆ ನೀರು ಕುಡಿಸಿದರು!

ಮೇಟ್ರನ್ ಅಮ್ಮನಿಗೆ ಕೆಂಡದಂಥ ಕೋಪ ಬಂತು. "ಊರಿಗೆಲ್ಲ ಬುದ್ಧಿ ಹೇಳ್ತೀರಿ, ನಿಮ್ಮ ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಹಾಕ್ಕೊಳ್ಳೋಕಾಗಲ್ವಾ? ನಾಳೆಯಿಂದ ಇಲ್ಲಿ ಕೆಲಸ ಮಾಡೋ ಎಲ್ಲರಿಗೂ ತಪಾಸಣೆ, ಹೊರಗಿನ ಕಂಪನಿಯವರಿಗೂ. ನರ್ಸಿಂದ ಹಿಡಿದು ವಾಚ್‌ಮನ್‌ವರೆಗೂ!"

ಗೋಡೆಗಳ ಮೇಲೆ ಪೋಸ್ಟರು ಬಂದವು. ಹೊತ್ತಿಗೆ ಊಟ. ಕಣ್ತುಂಬ ನಿದ್ದೆ. ದಿನಾ ನಡಿಗೆ. ದಿನಕ್ಕೊಬ್ಬರ ಜೊತೆಯಾದರೂ ಮನಸ್ಸು ಬಿಚ್ಚಿ ಮಾತು. ಲಿಫ್ಟ್ ಬಿಡಿ, ಮೆಟ್ಟಿಲು ಹತ್ತಿ.

ಇದನ್ನೆಲ್ಲ ನೋಡಿಕೊಳ್ಳುವ ಜವಾಬ್ದಾರಿ ಯಾರಿಗೆ ಬಿತ್ತು ಅಂತ ಕೇಳಬೇಕೆ? ಬೆಳಗಿನ ಟೀ ಬಿಟ್ಟರೆ ಮಧ್ಯಾಹ್ನದವರೆಗೆ ಏನೂ ತಿನ್ನದ ನಮ್ಮ ಸಿಸ್ಟರಿಗೇ!

ವಾರ್ಡಿನ ಪಕ್ಕದ ಸಣ್ಣ ರೂಮಿನಲ್ಲಿ ವಾರಕ್ಕೆರಡು ಮಧ್ಯಾಹ್ನ ಅವಳು ಕೂರತೊಡಗಿದಳು. ಕ್ಯಾಂಟೀನಿನವರು ಬಂದರು, ಕಸ ಗುಡಿಸುವವರು ಬಂದರು. ಮೂರನೇ ದಿನ ಬಾಗಿಲಲ್ಲಿ ಅವನು ನಿಂತಿದ್ದ. ಈ ಸಲ ಕೆನ್ನೆಯ ಮೇಲೆ ಗ್ರೀಸು ಇರಲಿಲ್ಲ.

"ನನ್ನ ಲಿಫ್ಟಿನ ಬಾಗಿಲಿಗೇ 'ಲಿಫ್ಟ್ ಬಿಡಿ' ಅಂತ ಅಂಟಿಸಿದೀರಲ್ಲ ಸಿಸ್ಟರ್, ನನ್ನ ಹೊಟ್ಟೆ ಮೇಲೆ ಹೊಡೆಯೋ ಯೋಚನೆನಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮುಖ ಗಂಭೀರ ಮಾಡಿಕೊಳ್ಳಲು ಪಾಡುಪಟ್ಟಳು.

"ಕೂತ್ಕೊಳ್ಳಿ. ಬೆಳಗ್ಗೆ ಏನು ತಿಂತೀರಿ?"

"ಟೀ."

"ತಿನ್ನೋದು ಕೇಳಿದ್ದು."

"ಟೀಗೆ ಬಿಸ್ಕತ್ತು ಅದ್ದಿದ್ರೆ ತಿಂದ ಹಾಗೇ ಅಲ್ವಾ?"

"ಅಲ್ಲ. ನಡೀತೀರಾ?"

"ನಾನು ಮೇಲಕ್ಕೂ ಕೆಳಕ್ಕೂ ಹೋಗ್ತೀನಿ ಸಿಸ್ಟರ್. ಅಡ್ಡಡ್ಡ ಹೋಗೋದು ಕಮ್ಮಿ."

"ದಿನಕ್ಕೊಬ್ಬರ ಹತ್ತಿರ ಆದ್ರೂ ಮನಸ್ಸು ಬಿಚ್ಚಿ ಮಾತಾಡ್ತೀರಾ?"

"ಟೆರೇಸ್ ಮೇಲೆ ಮೋಟಾರ್ ರೂಮಿದೆ. ಮೋಟಾರ್ ಜೊತೆ ಮಾತಾಡ್ತೀನಿ. ಅದು ಎದುರು ಮಾತಾಡಲ್ಲ, ಅಷ್ಟೇ."

ಅವಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು.

"ನೀವು?" ಎಂದು ಅವನು ಕೇಳಿದ.

"ನಾನೇನು?"

"ನೀವು ಬೆಳಗ್ಗೆ ಏನು ತಿಂದ್ರಿ?"

ಪೆನ್ನು ನಿಂತಿತು. ಅಕ್ಕನಿಗೆ ಫೋನಿನಲ್ಲಿ ಸುಳ್ಳು ಹೇಳುವುದು ಸುಲಭ. ಎದುರಿಗೇ ಕೂತು ಕಾಯುವ ಆ ಎರಡು ಕಣ್ಣುಗಳಿಗೆ ಹೇಗೆ ಹೇಳುವುದು?

"ಟೀ," ಎಂದಳು.

"ಬಿಸ್ಕತ್ತು?"

"ಅದೂ ಇಲ್ಲ."

"ಹಾಗಾದ್ರೆ ನಾನೇ ವಾಸಿ," ಎಂದು ಅವನು ನಕ್ಕ.

*

ಅಂದಿನಿಂದ ಅವನು ಮೆಟ್ಟಿಲು ಹತ್ತಿಯೇ ಬರತೊಡಗಿದ. ಅವಳ ಪೋಸ್ಟರೇ ಹೇಳಿತ್ತಲ್ಲ! ನಾಲ್ಕು ಮಹಡಿ ಹತ್ತಿ, ಏದುಸಿರು ಬಿಡುತ್ತ ಬಂದು ಕುರ್ಚಿಯಲ್ಲಿ ಕೂರುತ್ತಿದ್ದ. ಅವಳು ತೋಳಿಗೆ ಪಟ್ಟಿ ಸುತ್ತುತ್ತಿದ್ದಳು. ಹೊಸದಾಗಿ ತಂದ ಯಂತ್ರ ಅದು. ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿಕೊಂಡು ತಾನೇ ಅಂಕಿ ತೋರಿಸುತ್ತಿತ್ತು. ಅದು ತನ್ನ ಪಾಡಿಗೆ ಗುಂಯ್‌ಗುಡುತ್ತಿದ್ದರೆ ಇವರ ಮಾತು ಇವರ ಪಾಡಿಗೆ ಸಾಗುತ್ತಿತ್ತು.

ಅವನು ಅಣ್ಣನ ಮನೆಯ ಮಹಡಿಯ ಮೇಲೆ ಒಂದು ರೂಮಿನಲ್ಲಿದ್ದ. ಅಣ್ಣ, ಅತ್ತಿಗೆ ಒಳ್ಳೆಯವರು. ಆದರೂ ಕೆಳಗಿನ ಮನೆಯಲ್ಲಿ ಎಲ್ಲರೂ ಕೂಡಿ ನಗುವ ಸದ್ದು ಕೇಳಿದಾಗ ಇಳಿದು ಹೋಗಲು ಏನೋ ಹಿಂಜರಿಕೆ.

"ಕರೀತಾರೆ ಸಿಸ್ಟರ್. ಪ್ರತಿ ಸಲ ಕರೀತಾರೆ. ಆದ್ರೆ ಕರೆಸ್ಕೊಂಡು ಹೋಗೋದಕ್ಕೂ ತಾನಾಗೇ ಇರೋದಕ್ಕೂ ವ್ಯತ್ಯಾಸ ಇದೆ ಅಲ್ವಾ?"

'ಇದೆ,' ಎಂದುಕೊಂಡಳು ಅವಳು. 'ಅದನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು?'

ಅವಳ ದಿನಗಳೂ ಸದ್ದಿಲ್ಲದೆ ಬದಲಾದವು. ಬಸ್ಸು ಬಿಟ್ಟು ನಡೆದು ಹೋಗತೊಡಗಿದಳು. ದಾರಿಯಲ್ಲಿ ತರಕಾರಿ ಕೊಂಡಳು. ಕುರ್ಚಿಯ ಮೇಲಿನ ಬಟ್ಟೆ ಮಡಿಸಿಟ್ಟಳು. ಡಬ್ಬಿಗೆ ಊಟ ಹಾಕಿಕೊಂಡು ಬಂದು ಕೂತು ತಿಂದಳು, ಏಕೆಂದರೆ ಅವನು ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆಗೆ ಈಗ ನಿಜವಾದ ಉತ್ತರ ಬೇಕಿತ್ತು.

ಎಲ್ಲ ಚೆನ್ನಾಗಿತ್ತು, ಒಂದು ವಿಷಯ ಬಿಟ್ಟು. ಅವನ ರಕ್ತದೊತ್ತಡ.

ಪ್ರತಿ ಸಲವೂ ಹೆಚ್ಚು! ಮೊದಲ ಸಲ ಇರಬಹುದು ಬಿಡು ಅಂದುಕೊಂಡಳು. ಎರಡನೇ ಸಲ ಉಪ್ಪು ಕಡಿಮೆ ಮಾಡಿ ಅಂದಳು. ಅವನು ಮಾಡಿದ. ಆದರೂ ಹೆಚ್ಚು. ಸಿಗರೇಟು? ಮುಟ್ಟಿದವನಲ್ಲ. ನಿದ್ದೆ? ಚೆನ್ನಾಗಿದೆ. ಮತ್ತೆ ಯಾಕೆ?

ಒಂದು ಮಧ್ಯಾಹ್ನ ಪಟ್ಟಿ ಸುತ್ತಿಸಿಕೊಳ್ಳುತ್ತ ಅವನು ಬೇರೆಲ್ಲೋ ನೋಡುತ್ತ ಹೇಳಿದ:

"ಸಿಸ್ಟರ್... ನಮ್ಮ ಅತ್ತಿಗೆಗೆ ನಿಮ್ಮನ್ನ ನೋಡ್ಬೇಕಂತೆ."

"ನನ್ನನ್ನಾ? ಯಾಕೆ?"

"ಬರೀ ನಿಮ್ಮ ವಿಷಯಾನೇ ಮಾತಾಡ್ತೀಯ, ಒಂದು ಸಲ ಕರ್ಕೊಂಡು ಬಾ ಅಂದ್ರು. ಈ ಭಾನುವಾರ... ಬರ್ತೀರಾ?"

ಯಂತ್ರ ಬೀಪ್ ಎಂದಿತು. ಅವಳ ಕಣ್ಣು ಅಂಕಿಯ ಮೇಲೆ ಬಿತ್ತು. ಇದುವರೆಗೆ ಬಂದದ್ದೆಲ್ಲಕ್ಕಿಂತ ಹೆಚ್ಚು! ಅವನು ಕೇಳಿದ ಸಂತೋಷ ಅರ್ಧಕ್ಕೇ ನಿಂತಿತು.

"ಮುಂದಿನ ಸಲ... ಮುಂದಿನ ಸಲ ಹೇಳ್ತೀನಿ," ಎಂದಳು. ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು.

ಅವನು ತಲೆಯಾಡಿಸಿ ಎದ್ದು ಹೋದ.

ಅವಳು ಒಬ್ಬಳೇ ಕೂತಳು. ಎತ್ತರದಲ್ಲಿ ಕೆಲಸ ಮಾಡುವವರ ಒತ್ತಡ ಹೀಗೆ ಮೇಲಿಂದ ಮೇಲೆ ಹೆಚ್ಚು ಬಂದರೆ ಡಾಕ್ಟರಿಗೆ ತಿಳಿಸಲೇಬೇಕೆಂದು ನಿಯಮವಿತ್ತು. ತಿಳಿಸಿದರೆ ಅವನನ್ನು ಆ ಕೆಲಸದಿಂದ ತೆಗೆಯುತ್ತಾರೆ. ತಿಳಿಸದಿದ್ದರೆ?

ಆ ಕತ್ತಲ ಗುಂಡಿ ಕಣ್ಣ ಮುಂದೆ ಬಂತು. ಅಲ್ಲಿ ಏಣಿಯ ಮೇಲೆ ಒಬ್ಬನೇ ಅವನು. ತಲೆಸುತ್ತಿದರೆ ಹಿಡಿದುಕೊಳ್ಳಲು ಯಾರಿದ್ದಾರೆ?

'ಅವನು ನನ್ನ ಮೇಲೆ ಸಿಟ್ಟಾಗಲಿ. ಇನ್ನೆಂದೂ ಮಾತಾಡದೆ ಇರಲಿ. ಆದರೆ ಇರಲಿ... ಬದುಕಿ ಇರಲಿ!'

ಕಣ್ಣೊರೆಸಿಕೊಂಡು ಡಾಕ್ಟರ ರೂಮಿಗೆ ಹೋದಳು.

"ಇನ್ನೊಂದು ಸಲ ನೀವೇ ನೋಡಿ ಡಾಕ್ಟ್ರೇ," ಎಂದಳು.

"ನೀವು ನೋಡಿದ ಮೇಲೆ ಮತ್ತೆ ನೋಡೋದೇನಿದೆ ಸಿಸ್ಟರ್?" ಎಂದು ಅವರು ಅಲ್ಲೇ ಕಂಪನಿಗೆ ಫೋನು ಮಾಡಿದರು.

*

ಮುಂದಿನ ತಪಾಸಣೆಯ ದಿನ ತಾನೇ ಎಲ್ಲ ಬಿಡಿಸಿ ಹೇಳಬೇಕೆಂದು ಅವಳು ಮಾತು ಜೋಡಿಸಿಕೊಂಡಿದ್ದಳು. ಆದರೆ ಮಾರನೇ ಬೆಳಗ್ಗೆಯೇ ಅವನು ಬಂದ. ಏದುಸಿರಿರಲಿಲ್ಲ. ಮೊದಲ ಸಲ ಲಿಫ್ಟಿನಲ್ಲಿ ಬಂದಿದ್ದ.

"ಭಾನುವಾರದ ಉತ್ತರ ಸಿಕ್ತು ಸಿಸ್ಟರ್."

"ಅದಕ್ಕೂ ಇದಕ್ಕೂ..."

"ಬೇಡ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನೇನು ನಿಮ್ಮ ದಾರಿಗೆ ಅಡ್ಡ ನಿಲ್ತಿದ್ನಾ? ನನ್ನನ್ನ ಇಲ್ಲಿಂದ ಕಳಿಸೋಕೆ ಕೆಲಸಕ್ಕೇ ಕೈ ಹಾಕ್ಬೇಕಿತ್ತಾ?"

"ಅಯ್ಯೋ, ನಿಮ್ಮ ಒಳ್ಳೇದಕ್ಕೇ ಅಂತ..."

"ನನ್ನ ಒಳ್ಳೇದಕ್ಕೆ ಅನ್ನೋರು ಮೊದಲು ನನಗೆ ಹೇಳ್ತಿದ್ರು."

ಆ ಮಾತಿಗೆ ಅವಳ ಹತ್ತಿರ ಇದ್ದ ಉತ್ತರವೊಂದೇ, ಅದನ್ನು ಹೇಳುವ ಧೈರ್ಯವಿರಲಿಲ್ಲ.

"ಗೋಡೌನಿಗೆ ಹಾಕಿದ್ದಾರೆ," ಎಂದ ಅವನು, ಬಾಗಿಲ ಕಡೆ ತಿರುಗಿ. "ಊರಾಚೆ. ನಟ್ಟು ಬೋಲ್ಟು ವಿಂಗಡಿಸೋ ಕೆಲಸ. ಎತ್ತರ ಇಲ್ಲ, ಏಣಿ ಇಲ್ಲ. ಆರೋಗ್ಯಕ್ಕೆ ಒಳ್ಳೇದು. ಬರ್ತೀನಿ."

ಅವನು ಹೋದ. ಬರ್ತೀನಿ ಅಂದನೇ ಹೊರತು, ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆಮೇಲಿನ ದಿನಗಳು ಹೇಗಿದ್ದವೆಂದು ಹೇಳಲು ಹೆಚ್ಚು ಮಾತು ಬೇಕಾಗಿಲ್ಲ. ತರಕಾರಿ ಬಾಡಿತು. ಡಬ್ಬಿ ಕಪಾಟಿಗೆ ಹೋಯಿತು. ಅವಳು ಮತ್ತೆ ಬಸ್ಸು ಹತ್ತಿದಳು. ಎದುರಿನ ಸೀಟಿನಲ್ಲಿ ಯಾರೋ ಗಂಡ ಹೆಂಡತಿ ಯಾವುದೋ ಸಣ್ಣ ವಿಷಯಕ್ಕೆ ಜಗಳವಾಡುತ್ತಿದ್ದರೆ ಕಿಟಕಿಯ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡಳು. ಜಗಳಕ್ಕಾದರೂ ಒಬ್ಬರಿದ್ದಾರಲ್ಲ ಅವರಿಗೆ!

ಲಿಫ್ಟಿಗೆ ಹೊಸ ಮೆಕ್ಯಾನಿಕ್ ಬಂದ. ಸರಪಳಿ ಕಟ್ಟುತ್ತಿದ್ದ, ಕೆಲಸ ಮಾಡುತ್ತಿದ್ದ, ಹೋಗುತ್ತಿದ್ದ. ಮೆಟ್ಟಿಲಲ್ಲಿ ಯಾರೇ ಹತ್ತಿ ಬಂದರೂ ಅವಳ ಕಿವಿ ಆ ಕಡೆ ಹೋಗುತ್ತಿತ್ತು. ಹೆಜ್ಜೆ ಬೇರೆಯವರದು ಎಂದು ಗೊತ್ತಾಗಲು ಒಂದು ಕ್ಷಣ ಸಾಕಾಗುತ್ತಿತ್ತು. ಆ ಒಂದು ಕ್ಷಣವೇ ಕಷ್ಟ.

"ದನಿ ಯಾಕೆ ಹೀಗಿದೆ?" ಎಂದಳು ಅಕ್ಕ ಫೋನಿನಲ್ಲಿ.

"ಶೀತ ಅಕ್ಕ."

"ಊಟ ಆಯ್ತೇನೇ?"

"ಆಯ್ತು," ಎಂದಳು. ಆಗಿರಲಿಲ್ಲ.

*

ಎರಡು ವಾರ ಕಳೆದಿರಬೇಕು. ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿನಿ ಹೊಸದಾಗಿ ಬಂದ ರೋಗಿಯೊಬ್ಬರ ರಕ್ತದೊತ್ತಡ ನೋಡುತ್ತಿದ್ದಳು. ಅವರು ಮಗಳ ಮದುವೆಯ ಸುದ್ದಿ ಹೇಳುತ್ತಿದ್ದರು, ಇವಳು ಕಣ್ಣರಳಿಸಿ ಕೇಳುತ್ತಿದ್ದಳು.

"ಏನಮ್ಮ ಇದು?" ಸಿಸ್ಟರ್ ಹಿಂದಿನಿಂದ ಗದರಿದಳು. "ಅವರು ಬಂದು ಎಷ್ಟು ಹೊತ್ತಾಯ್ತು?"

"ಈಗಷ್ಟೇ ಬಂದ್ರು ಸಿಸ್ಟರ್."

"ಹೇಗೆ ಬಂದ್ರು?"

"ಮೆಟ್ಟಿಲು ಹತ್ತಿ..."

"ಮೆಟ್ಟಿಲು ಹತ್ತಿ ಬಂದವರನ್ನ ಹಾಗೇ ಕೂರಿಸಿ, ಮಾತಾಡಿಸ್ಕೊಂಡು ನೋಡಿದ್ರೆ ಹೆಚ್ಚು ಬರದೆ ಇನ್ನೇನಾಗುತ್ತೆ? ನೂರು ಸಲ ಹೇಳಿದೀನಿ, ಐದು ನಿಮಿಷ..."

"ಸಿಸ್ಟರ್?" ಎಂದಳು ಹುಡುಗಿ. "ಸಿಸ್ಟರ್, ಏನಾಯ್ತು?"

ಅವಳಿಗೆ ಕೇಳಿಸಲಿಲ್ಲ. ಮಂಚದ ಕಂಬಿ ಹಿಡಿದುಕೊಂಡಳು.

ನಾಲ್ಕು ಮಹಡಿ ಹತ್ತಿ ಬರುತ್ತಿದ್ದ ಅವನು. ಬಂದ ಕೂಡಲೇ ಪಟ್ಟಿ ಸುತ್ತುತ್ತಿದ್ದವಳು ತಾನು. ಒಂದು ದಿನ... ಒಂದೇ ಒಂದು ದಿನ ಅವನನ್ನು ಸುಮ್ಮನೆ ಕೂರಿಸಿದ್ದೆನೇ? ಇಡೀ ಆಸ್ಪತ್ರೆಗೆ ಪಾಠ ಹೇಳುವ ನಾನು, ಅವನೊಬ್ಬನ ಮುಂದೆ ನಿಯಮವನ್ನು ಗಾಳಿಗೆ ತೂರಿದ್ದೆನಲ್ಲ!

ಅವನಿಗೆ ಕಾಯಿಲೆಯೇ ಇಲ್ಲದಿರಬಹುದು. ತಾನೇ, ತನ್ನ ಈ ಬಾಯಿಂದಲೇ, ಅವನ ಕೆಲಸ ಕಳೆದಿರಬಹುದು!

ಅವಳು ಯೋಚಿಸುತ್ತ ನಿಲ್ಲಲಿಲ್ಲ. ಯೋಚಿಸಿದರೆ ಧೈರ್ಯ ಹೋಗುತ್ತದೆಂದು ಗೊತ್ತಿತ್ತು.

ಡಾಕ್ಟರ ರೂಮಿನಲ್ಲಿ ಮೇಟ್ರನ್ ಅಮ್ಮನೂ ಇದ್ದರು. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವಾ? ನೀವು ಕೂರಿಸ್ಲಿಲ್ವಾ? ನಿಮ್ಮ ಮೇಲಿನ ನಂಬಿಕೆಯಿಂದ ನಾನು ಒಬ್ಬ ಮನುಷ್ಯನ ಕೆಲಸ ತೆಗೆಸಿದೀನಿ ಸಿಸ್ಟರ್!"

"ಗೊತ್ತು ಡಾಕ್ಟ್ರೇ."

"ಯಾಕೆ ಹೀಗೆ ಮಾಡಿದ್ರಿ?"

ಮರೆತೆ ಎನ್ನಬಹುದಿತ್ತು. ಕೆಲಸದ ಒತ್ತಡ ಎನ್ನಬಹುದಿತ್ತು. ಇಬ್ಬರೂ ನಂಬುತ್ತಿದ್ದರು. ಆದರೆ ಸುಳ್ಳು ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

"ಅವರು ಬಂದ್ರೆ ಮಾತಾಡ್ಬೇಕು ಅನ್ನಿಸ್ತಿತ್ತು. ಸುಮ್ನಿರಿ ಅಂತ ಹೇಳೋಕೆ... ನನ್ನಿಂದ ಆಗ್ತಿರ್ಲಿಲ್ಲ. ಅವರ ಹತ್ತಿರ ಬಿಟ್ಟು ನಾನು ಬೇರೆ ಯಾರ ಹತ್ತಿರಾನೂ ಮಾತಾಡಲ್ಲ."

ಮೇಟ್ರನ್ ಅಮ್ಮ ಎದ್ದು ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿದರು.

ಶಿಕ್ಷೆ ತಪ್ಪಲಿಲ್ಲ. ತಪಾಸಣೆಯ ಜವಾಬ್ದಾರಿ ಬೇರೆಯವರಿಗೆ ಹೋಯಿತು. ಕೆಲವು ತಿಂಗಳು ವಿದ್ಯಾರ್ಥಿನಿಯರಿಗೆ ಪಾಠ ಮಾಡುವಂತಿಲ್ಲ ಎಂದೂ ಆಯಿತು. ಅವಳು ಹೂಂ ಎಂದಳು. ಕೇಳಿಕೊಂಡದ್ದು ಒಂದನ್ನೇ: "ಅವರನ್ನ ಬೇಗ ಕರೆಸಿ."

*

ಮಾರನೇ ದಿನ ಅವನನ್ನು ಕರೆಸಿದರು.

"ನಾನೇ ನೋಡ್ತೀನಿ," ಎಂದರು ಮೇಟ್ರನ್ ಅಮ್ಮ. "ನೀನು ಈ ಕಡೆ ತಲೆ ಹಾಕಬೇಡ."

ಅವಳು ವಾರ್ಡಿನಲ್ಲಿ ಬೆಡ್‌ಶೀಟು ಮಡಿಸುತ್ತ ನಿಂತಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಒತ್ತಡ ಈಗಲೂ ಹೆಚ್ಚಿದ್ದರೆ? ಆಗ ಅವನಿಗೆ ಕಾಯಿಲೆ ನಿಜ. ಇಲ್ಲದಿದ್ದರೆ? ಆಗ ತಾನು ಮಾಡಿದ ಅನ್ಯಾಯ ನಿಜ. ಎರಡನೆಯದೇ ಆಗಲಿ ದೇವರೇ, ಎಂದು ಬೇಡಿಕೊಂಡಳು.

ಕೊನೆಗೂ ಮೇಟ್ರನ್ ಅಮ್ಮ ಬಂದರು.

"ಏನೂ ಇಲ್ಲ ಅವನಿಗೆ. ಗಟ್ಟಿಯಾಗಿದ್ದಾನೆ. ಡಾಕ್ಟ್ರೂ ಇನ್ನೊಂದು ಸಲ ನೋಡಿದ್ರು, ಅಷ್ಟೇ ಬಂತು. ಹಳೇ ಕೆಲಸಕ್ಕೇ ಹಾಕಿ ಅಂತ ಕಂಪನಿಗೆ ಹೇಳಿದ್ದಾಯ್ತು."

ಅವಳು ಬೆಡ್‌ಶೀಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

"ಅಳೋದು ಆಮೇಲೆ ಅಳ್ವಂತೆ. ಹೀಗ್ಯಾಕಾಯ್ತು ಅಂತ ಕೇಳಿದ. ಅಳತೆ ತಪ್ಪಾಗಿತ್ತು ಅಂದೆ. ಯಾಕೆ ತಪ್ಪಾಯ್ತು ಅಂದ. ಅವಳನ್ನೇ ಕೇಳು ಅಂದೆ. ಮೋಟಾರ್ ರೂಮಿಗೆ ಹೋಗಿದ್ದಾನೆ." ಅವಳು ನಿಂತೇ ಇರುವುದನ್ನು ಕಂಡು ಅವರು ಹುಸಿಮುನಿಸಿನಿಂದ ಗದರಿದರು: "ನಿನ್ನನ್ನ ಹೊತ್ಕೊಂಡು ಹೋಗೋಕೆ ಜನ ಬೇಕೇನೇ? ಹೋಗು!"

ಟೆರೇಸಿನ ಮೇಲೆ ಬಿಸಿಲು ಚೆಲ್ಲಿತ್ತು. ನೀರಿನ ಟ್ಯಾಂಕುಗಳ ಪಕ್ಕದಲ್ಲೇ ಮೋಟಾರ್ ರೂಮು. ಬಾಗಿಲು ತೆರೆದಿತ್ತು. ಅವನು ಮಂಡಿಯೂರಿ ಕೂತು ಮೋಟಾರಿನ ಮೇಲಿನ ಧೂಳು ಒರೆಸುತ್ತಿದ್ದ. ಹೊಸಬ ಎಲ್ಲ ಮಾಡಿದ್ದ, ಇದೊಂದು ಮಾಡಿರಲಿಲ್ಲ.

ಅವಳ ನೆರಳು ಕಂಡು ಅವನ ಕೈ ನಿಂತಿತು. ತಿರುಗಲಿಲ್ಲ.

"ಹೇಳಿ ಸಿಸ್ಟರ್."

"ನನ್ನದೇ ತಪ್ಪು."

"ಅದನ್ನ ಮೇಟ್ರನ್ ಅಮ್ಮ ಹೇಳಿದ್ರು. ಯಾಕೆ ಅಂತ ಮಾತ್ರ ಹೇಳ್ಲಿಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನನ್ನ ರೂಮಲ್ಲಿ ಮಾತಾಡೋಕೆ ಯಾರೂ ಇಲ್ಲ. ಏನಾದ್ರೂ ನೋಡಿದ್ರೆ, ಏನಾದ್ರೂ ನಗು ಬಂದ್ರೆ, ನಿಮಗೆ ಹೇಳ್ಬೇಕು ಅಂತ ಕೂಡಿಟ್ಕೊಳ್ತಿದ್ದೆ. ನೀವು ಮೆಟ್ಟಿಲು ಹತ್ತೋ ಸದ್ದು ಕೇಳಿದ್ರೆ ಅಷ್ಟೂ ಒಟ್ಟಿಗೇ ಬಾಯಿಗೆ ಬರ್ತಿತ್ತು. ನಿಮ್ಮನ್ನ ಐದು ನಿಮಿಷ ಸುಮ್ನೆ ಕೂರಿಸಿದ್ರೆ ನನ್ನ ಐದು ನಿಮಿಷ ಹೋಗಿಬಿಡುತ್ತೆ ಅನ್ನಿಸ್ತಿತ್ತು. ಅಷ್ಟು ಸ್ವಾರ್ಥಿ ನಾನು. ಅದಕ್ಕೆ ಅಂಕಿ ತಪ್ಪಾಯ್ತು."

ಅವನು ಈಗ ತಿರುಗಿದ.

"ಆ ಅಂಕಿ ನೋಡಿ ನೀವು ಬೀಳ್ತೀರೇನೋ ಅಂತ ಭಯ ಆಯ್ತು. ನಿಮಗೆ ಮೊದಲು ಹೇಳ್ಬೇಕಿತ್ತು, ಹೇಳ್ಲಿಲ್ಲ. ನಿಮ್ಮನ್ನ ಓಡಿಸೋಕಲ್ಲ. ನೀವು... ನೀವು ನನಗೆ ಬೇಕು. ಪ್ರೀತಿ ಅಂತಾರಲ್ಲ, ಅದೇ ಇರ್ಬೇಕು ಇದು."

ಹೇಳಿ ಮುಗಿಸುವ ಹೊತ್ತಿಗೆ ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವನು ಎದ್ದು ಹತ್ತಿರ ಬಂದ.

"ನಾನೂ ಒಂದು ಹೇಳ್ಲಾ?" ಎಂದ. "ಮೆಟ್ಟಿಲು ಹತ್ತಿ ಅಂದ್ರಿ. ಹತ್ತೋದಲ್ಲ, ಓಡ್ಕೊಂಡು ಬರ್ತಿದ್ದೆ. ನಿಧಾನಕ್ಕೆ ಹತ್ತಿದ್ರೆ ನಿಮ್ಮ ಜೊತೆ ಇರೋ ಹೊತ್ತು ಕಮ್ಮಿ ಆಗ್ತಿತ್ತಲ್ಲ. ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಎರಡನ್ನೂ ಒಟ್ಟಿಗೆ ಒರೆಸಿಕೊಂಡಳು.

"ಕೋಪ ಹೋಯ್ತಾ?"

"ಹೋಗ್ಬೇಕು ಇನ್ನೂ ಸ್ವಲ್ಪ. ಗೋಡೌನಲ್ಲಿ ಬೋಲ್ಟುಗಳ ಜೊತೆ ಮಾತಾಡ್ತಿದ್ದೆ ಗೊತ್ತಾ? ಮೋಟಾರೇ ಎಷ್ಟೋ ವಾಸಿ."

ಅವಳು ಕೇಳಿದಳು: "ಈ ಭಾನುವಾರ ನಿಮ್ಮ ಅತ್ತಿಗೆ ಮನೇಲಿರ್ತಾರಾ?"

"ಇರ್ತಾರೆ. ಆವತ್ತಿಂದ ಕಾಯ್ತಾನೇ ಇದ್ದಾರೆ."

"ಅವರೊಬ್ಬರೇನಾ?"

"ಅವರೊಬ್ಬರೇ ಅಲ್ಲ," ಎಂದ ಅವನು.

ಕೆಳಗೆ ಬೀದಿಯಲ್ಲಿ ಯಾವುದೋ ಬಸ್ಸು ಹಾರ್ನ್ ಮಾಡಿಕೊಂಡು ಹೋಯಿತು.

"ಒಂದು ಮಾತು ಮೊದಲೇ ಹೇಳಿಬಿಡ್ತೀನಿ," ಎಂದಳು ಅವಳು. "ನನಗೆ ಒಬ್ಬಳೇ ಇರೋದು ಅಭ್ಯಾಸ ಆಗಿಹೋಗಿದೆ. ಬಹಳ ವರ್ಷದ ಅಭ್ಯಾಸ. ಒಂದೊಂದು ಸಲ ಮಾತು ನಿಲ್ಲಿಸಿಬಿಡ್ತೀನಿ, ಬಾಗಿಲು ಹಾಕ್ಕೊಂಡು ಕೂತ್ಬಿಡ್ತೀನಿ. ಬಿಡೋಕೆ ಕಷ್ಟ ಆಗುತ್ತೆ. ತುಂಬಾ ದಿನ ಹಿಡಿಯುತ್ತೆ."

ಅವನು ಗ್ರೀಸಿನ ಕೈಯನ್ನು ಬಟ್ಟೆಗೆ ಚೆನ್ನಾಗಿ ಒರೆಸಿಕೊಂಡು, ಅವಳ ಕೈ ಹಿಡಿದುಕೊಂಡ.

"ಹಿಡೀಲಿ ಬಿಡಿ. ನನಗೇನೂ ಅವಸರ ಇಲ್ಲ."